ಬಂಡೆ ಬಿರಿಯಿತು, ಕಾಳು ಎಲ್ಲಿ?

ಹೊಸೂರಿನಿಂದ ಕೃಷ್ಣಗಿರಿಯವರೆಗೆ ಕಲ್ಲು ಕ್ವಾರಿಗಳಿಗೆ ಬರವಿಲ್ಲ. ಅಲ್ಲಿ ಬಂಡೆ ಒಡೆಯುವವರಿಗೆ ಒಂದು ಪಾಠ ಚೆನ್ನಾಗಿ ಗೊತ್ತು. ಮದ್ದನ್ನು ಬಂಡೆಯ ಮೇಲಿಟ್ಟು ಸಿಡಿಸಿದರೆ ಸದ್ದು ದೊಡ್ಡದು, ಕೆಲಸ ಚಿಕ್ಕದು, ಬಲವೆಲ್ಲ ಗಾಳಿಪಾಲು. ಅದಕ್ಕೇ ಮೊದಲು ಕುಳಿ ಕೊರೆಯುತ್ತಾರೆ, ಮದ್ದು ಇಳಿಸುತ್ತಾರೆ, ಬಾಯಿಗೆ ಮಣ್ಣು ಜಡಿಯುತ್ತಾರೆ. ಆಗ ಸಿಡಿತ ಕಲ್ಲಿನೊಳಗೇ ಹರಿದು ಬಂಡೆ ಬಿರಿಯುತ್ತದೆ.

2025ರ ಜೂನ್ 22ರಂದು ಅಮೆರಿಕ ಇರಾನಿನ ಫೋರ್ಡೊ ಬೆಟ್ಟದ ಮೇಲೆ ಪ್ರಯೋಗಿಸಿದ್ದೂ ಇದೇ ವಿದ್ಯೆಯನ್ನು. ಅದಕ್ಕೂ ಮುಂಚೆ, ಜೂನ್ 13ರಿಂದ, ಇಸ್ರೇಲ್ ದಾಳಿ ನಡೆಸುತ್ತಲೇ ಇತ್ತು. ಆದರೆ ಬೆಟ್ಟದ ಆಳದಲ್ಲಿದ್ದ ಫೋರ್ಡೊ ಅಣು ಘಟಕವನ್ನು ಮುಟ್ಟುವಂಥ ಬಾಂಬ್ ಅದರ ಬಳಿ ಇರಲಿಲ್ಲ. ಅಮೆರಿಕದ ಜಿಬಿಯು-57 ಬಾಂಬಿನ ತೂಕ ಸುಮಾರು 13,600 ಕಿಲೋ. ಅದರಲ್ಲಿ ಸಿಡಿಮದ್ದು ಐದನೇ ಒಂದು ಭಾಗಕ್ಕಿಂತ ಕಡಿಮೆ, ಉಳಿದದ್ದು ಬಹುಪಾಲು ಗಟ್ಟಿ ಉಕ್ಕು. ಎತ್ತರದಿಂದ ಬೀಳುವ ರಭಸಕ್ಕೆ ಅದು ತಾನೇ ಕುಳಿ ಕೊರೆದುಕೊಂಡು ಒಳಹೊಕ್ಕು, ಆಮೇಲೆ ಸಿಡಿಯುತ್ತದೆ. ಇಂಥ 12 ಬಾಂಬುಗಳು ಫೋರ್ಡೊ ಮೇಲೆ, 2 ನತಾಂಜ್ ಘಟಕದ ಮೇಲೆ ಬಿದ್ದವು.

ಒಳಗಿದ್ದದ್ದು ಯುರೇನಿಯಂ ಕೇರುವ ಸೆಂಟ್ರಿಫ್ಯೂಜ್ ಯಂತ್ರಗಳು. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಈ ತೆಳು ಕೊಳವೆಗಳಿಗೆ ಛಾವಣಿ ಕುಸಿಯಬೇಕೆಂದಿಲ್ಲ. ನೆಲ ಜೋರಾಗಿ ನಡುಗಿದರೂ, ಕರೆಂಟು ತಟ್ಟನೆ ಹೋದರೂ ಸಾಕು, ಕೆಟ್ಟು ಕೂರುತ್ತವೆ. ಯಂತ್ರ ಕೆಡಿಸುವ ಮಟ್ಟಿಗೆ ಬಾಂಬ್ ಗೆದ್ದಿರಬಹುದು. ತೊಡಕು ಇರುವುದು ಅವು ಕೇರಿಟ್ಟ ಕಾಳಿನಲ್ಲಿ.

ತಳಿ, ಡೆಂಕಣಿಕೋಟೆ ಕಡೆಯ ರಾಗಿ ಕಣವನ್ನು ನೆನೆಯಿರಿ. ಮೊರದಲ್ಲಿ 1000 ಕಾಳು ಇವೆ, ನಮಗೆ ಬೇಕಾದ ಜಾತಿಯವು 7 ಮಾತ್ರ. ನೆಲದಿಂದ ತೆಗೆದ ಯುರೇನಿಯಂ ಇರುವುದೇ ಹೀಗೆ: ಸಾವಿರಕ್ಕೆ 7 ಪರಮಾಣು ಯುರೇನಿಯಂ-235, ಉಳಿದವು ತುಸು ಭಾರದ ಯುರೇನಿಯಂ-238. ಇವೆರಡರ ತೂಕದ ವ್ಯತ್ಯಾಸ ನೂರಕ್ಕೆ ಒಂದೂ ಚಿಲ್ಲರೆ. ಬೇಕಾದ 7 ಕಾಳೂ ಮೊರದಲ್ಲೇ ಉಳಿದವು ಎಂದುಕೊಂಡು ಕೇರುತ್ತಾ ಹೋಗೋಣ. ವಿದ್ಯುತ್ ಸ್ಥಾವರಕ್ಕೆ ಸಾಲುವ ಶೇ 4ರ ಮಟ್ಟ ಮುಟ್ಟಲು 825 ಕಾಳು ಹೊರಹಾಕಬೇಕು, ಉಳಿಯುವುದು 175. ಶೇ 60ಕ್ಕೆ ಬಂದಾಗ ಮೊರದಲ್ಲಿರುವುದು ಸುಮಾರು 12. ಅಣುಬಾಂಬಿಗೆ ಬೇಕಾದ ಶೇ 90 ತಲುಪಲು ಇನ್ನು ತೆಗೆಯಬೇಕಾದದ್ದು ನಾಲ್ಕೇ ಕಾಳು!

ದಾಳಿಯ ಹೊತ್ತಿಗೆ ಇರಾನಿನ ಬಳಿ ಶೇ 60ರ ಯುರೇನಿಯಂ ಸುಮಾರು 440 ಕಿಲೋ ಇತ್ತು ಎಂಬುದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕ. ಸಿಲಿಂಡರುಗಳಲ್ಲಿ ತುಂಬಿಟ್ಟ ಈ ಸರಕನ್ನು ಲಾರಿಗೆ ಹೇರಿ ಸಾಗಿಸಬಹುದು. ಅದು ಎಲ್ಲಿದೆ ಎಂದು ನೋಡಿ ಹೇಳಬೇಕಾದವರು ಆ ಸಂಸ್ಥೆಯ ತಪಾಸಣೆಗಾರರು. ದಾಳಿಯಾದ ಹತ್ತೇ ದಿನಕ್ಕೆ, ಜುಲೈ 2ರಂದು, ಸಂಸ್ಥೆಯೊಂದಿಗಿನ ಸಹಕಾರವನ್ನು ಅಮಾನತಿನಲ್ಲಿಡುವ ಕಾನೂನು ಇರಾನಿನಲ್ಲಿ ಜಾರಿಗೆ ಬಂತು. ಕಾಳು ಎಣಿಸುವವರೇ ಕಣದಿಂದ ಹೊರಬಿದ್ದರು.

ಹಾಗಾದರೆ ಸುತ್ತಲ ಊರುಗಳಿಗೆ ವಿಕಿರಣ ಹರಡಿತೇ? ಘಟಕಗಳ ಹೊರಗೆ ವಿಕಿರಣ ಮಟ್ಟ ಏರಿದ್ದು ಕಂಡುಬರಲಿಲ್ಲ. ಯುರೇನಿಯಂ ಬಹಳ ನಿಧಾನವಾಗಿ ಕ್ಷಯಿಸುವ ಧಾತು. ಅದರ ವಿಕಿರಣ ಮಂದ. ಅಲ್ಲಿ ಭಯಪಡಬೇಕಾದದ್ದು ಸೆಂಟ್ರಿಫ್ಯೂಜ್‌ಗಳಲ್ಲಿ ತಿರುಗುವ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲಕ್ಕೆ. ಸೋರಿದರೆ ಗಾಳಿಯ ತೇವದೊಡನೆ ಸೇರಿ ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಚಾಲೂ ಇರುವ ರಿಯಾಕ್ಟರಿನ ಮಾತೇ ಬೇರೆ. ಅದರ ಒಡಲಲ್ಲಿ 8 ದಿನಕ್ಕೆ ಅರ್ಧವಾಗುವ ಅಯೋಡಿನ್-131 ಇರುತ್ತದೆ, ಅರ್ಧವಾಗಲು 30 ವರ್ಷ ಹಿಡಿಯುವ ಸೀಸಿಯಂ-137 ಇರುತ್ತದೆ. ಅದನ್ನು ಒಡೆದರೆ ಗಾಳಿ ಬೀಸಿದತ್ತ ಹೊಲ, ಹಾಲು, ನೀರು ಎಲ್ಲಕ್ಕೂ ಕುತ್ತು.

1981ರ ಜೂನ್ 7ರಂದು ಇಸ್ರೇಲಿನ ಎಂಟು ಎಫ್-16 ವಿಮಾನಗಳು ಇರಾಕಿನ ಒಸಿರಾಕ್ ರಿಯಾಕ್ಟರನ್ನು ಕೆಡವಿದವು. ಅದರಲ್ಲಿ ಇನ್ನೂ ಇಂಧನ ಉರಿದಿರಲಿಲ್ಲ, ಹಾಗಾಗಿ ವಿಕಿರಣದ ಅನಾಹುತ ತಪ್ಪಿತು. ಇರಾಕಿನ ಅಣು ಯೋಜನೆ ಮಾತ್ರ ಸಾಯಲಿಲ್ಲ, ಗುಟ್ಟಿಗೆ ಇಳಿಯಿತು. 1991ರ ಕೊಲ್ಲಿ ಯುದ್ಧದ ನಂತರ ತಪಾಸಣೆಗಾರರು ಹೋಗಿ ನೋಡಿದರೆ, ದೊಡ್ಡ ಅಯಸ್ಕಾಂತಗಳಿಂದ ಯುರೇನಿಯಂ ಬೇರ್ಪಡಿಸುವ ಕೆಲಸ ಕದ್ದುಮುಚ್ಚಿ ನಡೆದಿತ್ತು.

ಇದು ದೂರದವರ ಕತೆಯಲ್ಲ. ಹೊಸೂರಿನ ಪಡುವಣಕ್ಕೆ, ಮೈಸೂರಿನ ಮಗ್ಗುಲ ರಟ್ಟೆಹಳ್ಳಿಯಲ್ಲಿ, ಯುರೇನಿಯಂ ಕೇರುವ ನಮ್ಮದೇ ಸೆಂಟ್ರಿಫ್ಯೂಜ್ ಘಟಕವಿದೆ. ಮೂಡಣ ಕಡಲತೀರದಲ್ಲಿ ಕಲ್ಪಾಕ್ಕಂ, ಪಡುವಣ ಘಟ್ಟದಲ್ಲಿ ಕೈಗಾ. ಇಂಥವನ್ನು ವೈರಿಯ ಕಣ್ಣಿಗೆ ಬೀಳದಂತೆ ಬಚ್ಚಿಡಬೇಕೆಂಬುದು ಲೋಕರೂಢಿ. ಭಾರತ ಮತ್ತು ಪಾಕಿಸ್ತಾನ ಮಾಡಿದ್ದು ಅದಕ್ಕೆ ತದ್ವಿರುದ್ಧ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡು, ಅವು ಎಲ್ಲೆಲ್ಲಿವೆ ಎಂಬುದನ್ನು ಅಕ್ಷಾಂಶ-ರೇಖಾಂಶ ಸಮೇತ ಎದುರಾಳಿಯ ಕೈಗೇ ಬರೆದುಕೊಟ್ಟವು. 1991ರ ಜನವರಿ 27ರಂದು ಒಪ್ಪಂದ ಜಾರಿಗೆ ಬಂತು. ಮರುವರ್ಷದಿಂದ ಪ್ರತಿ ಜನವರಿ 1ರಂದು ಪಟ್ಟಿ ಕೈಬದಲಾಗುತ್ತದೆ.

ಕಾರ್ಗಿಲ್ ಯುದ್ಧದ ಬೆನ್ನಿಗೆ ಬಂದ ಹೊಸ ವರ್ಷದಲ್ಲೂ, ಸಂಸತ್ತಿನ ಮೇಲೆ ದಾಳಿಯಾಗಿ ಮೂರು ವಾರ ಕಳೆಯುವ ಮೊದಲೂ ಅದು ತಪ್ಪಲಿಲ್ಲ. 2025ರ ಜನವರಿ 1ರಂದು ಪಟ್ಟಿ ಕೈಬದಲಾದದ್ದು 34ನೆಯ ಸಲ.