ಬಂದೂಕು ಮಾರುವವರನ್ನು ಕೇಳುವವರು ಯಾರು?

ನಾವು ಸಂತೆಗೆ ಹೋಗುತ್ತೇವೆ. ಬಾಳೆಹಣ್ಣು ಕೊಳ್ಳುತ್ತೇವೆ. ಕೊಳೆತಿದ್ದರೆ ಬೇಡ ಅನ್ನುತ್ತೇವೆ. ಅದೇ ಬಾಳೆಹಣ್ಣು ಬೇರೆ ದೇಶಕ್ಕೆ ಹೋಗಬೇಕಾದರೆ ಇನ್ನೂ ಹೆಚ್ಚು ತಪಾಸಣೆ. ಯಾವ ತೋಟದ್ದು? ಹುಳು ಹತ್ತಿದೆಯಾ? ಯಾವ ಔಷಧಿ ಹೊಡೆದಿದ್ದಾರೆ? ಎಲ್ಲಕ್ಕೂ ಕಾಗದ ಬೇಕು, ಸೀಲು ಬೇಕು.

ಬಂದೂಕಿಗೆ? ಗುಂಡಿಗೆ? ಯುದ್ಧದ ಟ್ಯಾಂಕಿಗೆ? ಇವುಗಳ ವ್ಯಾಪಾರಕ್ಕೆ ಎಲ್ಲ ದೇಶಗಳಿಗೂ ಅನ್ವಯಿಸುವಂಥ ಕಾನೂನು ಬಹಳ ಕಾಲ ಇರಲೇ ಇಲ್ಲ. ಒಂದೊಂದು ದೇಶ ಒಂದೊಂದು ರೀತಿ. ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ. "ಬಾಳೆಹಣ್ಣಿಗೆ ಇರೋ ಕಟ್ಟುಪಾಡು ಬಂದೂಕಿಗೆ ಇಲ್ಲವಲ್ಲ!" ಎಂದು ಜನ ಕೇಳಿದರು. ಕೇಳಿ ಕೇಳಿ ಕೊನೆಗೆ ಒಂದು ಕಾನೂನು ಬಂತು. ಅದು ಹೇಗೆ ಬಂತು, ಅದರಲ್ಲಿ ಹೆಂಗಸರ ಪಾಲು ಏನು, ನೋಡೋಣ.

ನಮ್ಮೂರ ಕಮ್ಮಾರ ಕುಡುಗೋಲು ಮಾಡಿಕೊಡುತ್ತಾನೆ. ಯಾರಿಗೆ ಕೊಟ್ಟೆ ಅಂತ ಅವನಿಗೆ ಗೊತ್ತು. ಬಂದೂಕಿನ ವ್ಯಾಪಾರ ಹಾಗಲ್ಲ. ಕಾರ್ಖಾನೆ ಒಂದು ದೇಶದಲ್ಲಿ. ಕೊಳ್ಳುವ ಸರ್ಕಾರ ಇನ್ನೊಂದು ದೇಶದಲ್ಲಿ. ನಡುವೆ ದಲ್ಲಾಳಿ ಮೂರನೇ ದೇಶದಲ್ಲಿ. "ಇದನ್ನು ನಾವೇ ಬಳಸುತ್ತೇವೆ, ಬೇರೆಯವರಿಗೆ ಕೊಡುವುದಿಲ್ಲ" ಎಂದು ಕೊಳ್ಳುವವರು ಒಂದು ಪತ್ರ ಬರೆದುಕೊಡುತ್ತಾರೆ. ಆ ಪತ್ರವೇ ಸುಳ್ಳಾಗಿದ್ದರೆ? ಮಾಲು ದಾರಿಯಲ್ಲೇ ಬೇರೆ ಕೈ ಸೇರುತ್ತದೆ. ಇನ್ನೊಂದು ಮಾತು. ಬಂದೂಕು ಬಟ್ಟೆಯ ಹಾಗೆ ಹರಿದು ಹೋಗುವುದಿಲ್ಲ. ಎಣ್ಣೆ ಹಾಕಿ ಒರೆಸಿಟ್ಟರೆ ಅಪ್ಪನ ಕಾಲದ್ದು ಮಗನ ಕಾಲಕ್ಕೂ ಸಿಡಿಯುತ್ತದೆ. ಇವತ್ತು ಕೊಂಡ ಸರ್ಕಾರ ನಾಳೆ ಬಿದ್ದು ಹೋಗಬಹುದು. ಬಂದೂಕು ಮಾತ್ರ ಉಳಿಯುತ್ತದೆ.

ಈಗ ಒಂದು ಹಡಗಿನ ಕಥೆ ಕೇಳಿ. ಕಟ್ಟು ಕಥೆಯಲ್ಲ, ನಡೆದದ್ದು.

ಆಫ್ರಿಕಾದಲ್ಲಿ ಜಿಂಬಾಬ್ವೆ ಎಂಬ ದೇಶ ಇದೆ. 2008ರ ಮಾರ್ಚ್‌ನಲ್ಲಿ ಅಲ್ಲಿ ಚುನಾವಣೆ ನಡೆಯಿತು. ವೋಟು ಹಾಕಿ ವಾರಗಳು ಕಳೆದರೂ ಅಧ್ಯಕ್ಷ ಯಾರು ಅಂತ ಫಲಿತಾಂಶ ಹೇಳಲಿಲ್ಲ. ವಿರೋಧ ಪಕ್ಷಕ್ಕೆ ವೋಟು ಹಾಕಿದವರನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದರು. ಅದೇ ಹೊತ್ತಿಗೆ ಚೀನಾದಿಂದ ಒಂದು ಹಡಗು ಹೊರಟಿತ್ತು. ಅದರಲ್ಲಿ ಜಿಂಬಾಬ್ವೆ ಸರ್ಕಾರ ಕೊಂಡ ಆಯುಧಗಳಿದ್ದವು. ಬಂದೂಕಿನ ಗುಂಡುಗಳೇ ಸುಮಾರು 30 ಲಕ್ಷ!

ಜಿಂಬಾಬ್ವೆಗೆ ಸಮುದ್ರ ಇಲ್ಲ. ಹಾಗಾಗಿ ಹಡಗು ಪಕ್ಕದ ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿಗೆ ಬಂತು. ಅಲ್ಲಿ ಇಳಿಸಿ ನೆಲದ ಮೇಲೆ ಸಾಗಿಸಬೇಕು. ದಕ್ಷಿಣ ಆಫ್ರಿಕಾ ಸರ್ಕಾರ ಪರವಾನಗಿ ಕೊಟ್ಟಿತ್ತು. ಕಾಗದ ಪತ್ರ ಎಲ್ಲ ಸರಿ ಇತ್ತು. ಇನ್ನೇನು, ಮಾಲು ಇಳಿಸೋದೊಂದೇ ಬಾಕಿ.

ಇಳಿಸುವವರು ಯಾರು? ಬಂದರಿನ ಕೂಲಿಕಾರರು. ಮಂತ್ರಿಗಳಲ್ಲ, ವಕೀಲರಲ್ಲ, ಬೆವರು ಸುರಿಸುವ ಜನ. ಅವರ ಸಂಘ ಹೇಳಿತು: "ಈ ಮಾಲನ್ನು ನಮ್ಮವರು ಇಳಿಸುವುದಿಲ್ಲ." ಈ ಗುಂಡುಗಳು ಪಕ್ಕದ ದೇಶದ ಬಡವರ ಎದೆಗೇ ಬೀಳುತ್ತವೆ ಎಂದು ಅವರಿಗೆ ಗೊತ್ತಿತ್ತು. ಅತ್ತ ಚರ್ಚಿನ ಬಿಷಪ್ ರೂಬಿನ್ ಫಿಲಿಪ್ ಮತ್ತು ಜೊತೆಯವರು ಕೋರ್ಟಿಗೆ ಹೋದರು. ಏಪ್ರಿಲ್ 18ರಂದು ಕೋರ್ಟು ಹೇಳಿತು, ಈ ಆಯುಧಗಳು ನಮ್ಮ ನೆಲದ ಮೇಲೆ ಹಾದು ಹೋಗಕೂಡದು. ಆದೇಶ ಕೈಗೆ ಮುಟ್ಟುವ ಮೊದಲೇ ಹಡಗು ಲಂಗರು ಎತ್ತಿ ಹೊರಟು ಹೋಯಿತು!

ಹೊರಟಿತು, ಆದರೆ ಎಲ್ಲಿಗೆ? ಸುತ್ತಮುತ್ತಲ ದೇಶಗಳ ಕಾರ್ಮಿಕ ಸಂಘಗಳಿಗೆ ಸುದ್ದಿ ಮುಟ್ಟಿತ್ತು. ಜನ ಬೀದಿಗೆ ಇಳಿದರು. ಅಂಗೋಲ ಎಂಬ ದೇಶ ಹಡಗನ್ನು ಒಳಗೆ ಬಿಟ್ಟುಕೊಂಡಿತು. ಆದರೆ ತನಗೆ ಬಂದಿದ್ದ ಬೇರೆ ಸಾಮಾನು ಮಾತ್ರ ಇಳಿಸಿಕೊಳ್ಳುತ್ತೇವೆ, ಆಯುಧ ಬೇಡ ಅಂದಿತು. ಕೊನೆಗೆ ಚೀನಾ ಸರ್ಕಾರ ಹಡಗು ವಾಪಸ್ ಬರುತ್ತದೆ ಎಂದು ಹೇಳಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ವ್ಯಾಪಾರದಲ್ಲಿ ಕಾಗದದ ಪ್ರಕಾರ ತಪ್ಪೇ ಇರಲಿಲ್ಲ. "ಈ ಆಯುಧದಿಂದ ಅಲ್ಲಿನ ಜನರಿಗೆ ಏನಾಗುತ್ತದೆ?" ಎಂದು ಕೇಳಿಯೇ ಮಾರಬೇಕು ಎನ್ನುವ ನಿಯಮ ಇಡೀ ಜಗತ್ತಿಗೆ ಇರಲಿಲ್ಲ. ಆ ನಿಯಮಕ್ಕಾಗಿ ಹೋರಾಟ ಅಷ್ಟು ಹೊತ್ತಿಗೆ ನಡೆದೇ ಇತ್ತು.

2003ರಲ್ಲಿ ಆಮ್ನೆಸ್ಟಿ, ಆಕ್ಸ್‌ಫಾಮ್ ಮುಂತಾದ ಸಂಸ್ಥೆಗಳು ಸೇರಿ ಚಳವಳಿ ಶುರು ಮಾಡಿದವು. ಅವರು ಸಹಿ ಸಂಗ್ರಹಿಸಲಿಲ್ಲ. ಮುಖ ಸಂಗ್ರಹಿಸಿದರು! ಒಪ್ಪಿದವರು ತಮ್ಮ ಒಂದು ಫೋಟೋ ಕೊಟ್ಟರೆ ಸಾಕು. ನಮಗೆ ಇದು ಬಹಳ ಹಿಡಿಸಿತು. ಓದು ಬಾರದವರೂ ಹೆಬ್ಬೆಟ್ಟು ಒತ್ತದೆ ಸೇರಬಹುದಲ್ಲ! ಹತ್ತು ಲಕ್ಷಕ್ಕೂ ಹೆಚ್ಚು ಮುಖಗಳು ಸೇರಿದವು. 2006ರ ಜೂನ್‌ನಲ್ಲಿ ಅವನ್ನು ವಿಶ್ವಸಂಸ್ಥೆಯ ಮುಖ್ಯಸ್ಥ ಕೋಫಿ ಅನ್ನಾನ್ ಅವರಿಗೆ ಒಪ್ಪಿಸಿದರು. ಒಪ್ಪಿಸಿದವರು ಕೀನ್ಯಾ ದೇಶದ ಜೂಲಿಯಸ್ ಅರಿಲೆ. ಒಂದು ಕಾಲದಲ್ಲಿ ಅವರೇ ಬಂದೂಕು ಹಿಡಿದು ಬೇರೆಯವರ ದನ ಹೊಡೆದುಕೊಂಡು ಹೋಗುತ್ತಿದ್ದರು. ಆಮೇಲೆ ಬಂದೂಕು ಬಿಟ್ಟು ಓಟಗಾರರಾದರು.

ವಿಶ್ವಸಂಸ್ಥೆಯಲ್ಲಿ ಮಾತುಕತೆ ವರ್ಷಗಟ್ಟಲೆ ನಡೆಯಿತು. ಎಲ್ಲರೂ ಒಪ್ಪಬೇಕು ಎಂದು ಕಾದರು. ಇರಾನ್, ಸಿರಿಯಾ, ಉತ್ತರ ಕೊರಿಯಾ ಒಪ್ಪಲಿಲ್ಲ. ಕೊನೆಗೆ 2013ರ ಏಪ್ರಿಲ್ 2ರಂದು ವೋಟಿಗೆ ಹಾಕಿದರು. 154 ದೇಶಗಳು ಬೇಕು ಅಂದವು. ಮೂರು ದೇಶಗಳು ಬೇಡ ಅಂದವು. 23 ದೇಶಗಳು ಸುಮ್ಮನೆ ಕುಳಿತವು. 2014ರ ಡಿಸೆಂಬರ್ 24ರಂದು ಒಪ್ಪಂದ ಜಾರಿಗೆ ಬಂತು.

ಈ ಒಪ್ಪಂದ ಆಯುಧ ಮಾರಲೇಬಾರದು ಅನ್ನುವುದಿಲ್ಲ. ದೇಶ ಕಾಯಲು ಸೈನ್ಯ ಬೇಕು, ಅದನ್ನು ಒಪ್ಪುತ್ತದೆ. ಆದರೆ ಮಾರುವ ಮೊದಲು ವಿಚಾರಿಸಬೇಕು. ಈ ಆಯುಧದಿಂದ ಒಂದು ಜನಾಂಗವನ್ನೇ ಅಳಿಸಿ ಹಾಕುತ್ತಾರೆ ಎಂದು ಗೊತ್ತಿದ್ದರೆ ಮಾರುವಂತಿಲ್ಲ. ಯುದ್ಧದಲ್ಲಿ ನಿರಪರಾಧಿ ಜನರ ಮೇಲೆ ಬೇಕೆಂದೇ ದಾಳಿ ಮಾಡುತ್ತಾರೆ ಎಂದು ಗೊತ್ತಿದ್ದರೂ ಮಾರುವಂತಿಲ್ಲ.

ಇನ್ನೊಂದು ಮಾತು ಅದರಲ್ಲಿ ಇದೆ. ಹೆಂಗಸರ ಮೇಲೆ, ಮಕ್ಕಳ ಮೇಲೆ ಅತ್ಯಾಚಾರ, ಹಿಂಸೆ ನಡೆಸಲು ಈ ಆಯುಧ ಬಳಕೆಯಾಗುವ ಅಪಾಯ ಇದೆಯೇ? ಅದನ್ನೂ ನೋಡಬೇಕು. ಬಂದೂಕು ಹಿಡಿದವನು ಗುಂಡು ಹಾರಿಸಲೇಬೇಕು ಅಂತಿಲ್ಲ. ತೋರಿಸಿದರೆ ಸಾಕು, ಹೆಣ್ಣಿನ ಬಾಯಿ ಕಟ್ಟಿಹೋಗುತ್ತದೆ. ಆದರೆ ಹೆಂಗಸರ ಮೇಲಿನ ಹಿಂಸೆಯ ಮಾತು ಆಯುಧ ವ್ಯಾಪಾರದ ಒಪ್ಪಂದದಲ್ಲಿ ಅದಕ್ಕೆ ಮೊದಲು ಎಲ್ಲೂ ಇರಲಿಲ್ಲ. ಅದು ತಾನಾಗಿ ಬರಲಿಲ್ಲ. ಮಹಿಳಾ ಸಂಘಟನೆಗಳು ಪಟ್ಟು ಹಿಡಿದು ಬರೆಸಿದವು. ಅವುಗಳಲ್ಲಿ ಒಂದು, 1915ರಲ್ಲಿ ಮೊದಲನೇ ಮಹಾಯುದ್ಧದ ನಡುವೆಯೇ ಹೆಂಗಸರು ಶಾಂತಿಗಾಗಿ ಕಟ್ಟಿದ ಸಂಘ. ನೂರು ವರ್ಷ ದಾಟಿದ ಸಂಘ ಅದು!

ಹಾಗಾದರೆ ಎಲ್ಲ ಸರಿಹೋಯಿತಾ? ಇಲ್ಲ. 110ಕ್ಕೂ ಹೆಚ್ಚು ದೇಶಗಳು ಒಪ್ಪಂದಕ್ಕೆ ಸೇರಿವೆ. ಚೀನಾ 2020ರಲ್ಲಿ ಸೇರಿತು. ಆದರೆ ಎಲ್ಲರಿಗಿಂತ ಹೆಚ್ಚು ಆಯುಧ ಮಾರುವ ಅಮೆರಿಕ ಸೇರಿಲ್ಲ. 2013ರಲ್ಲಿ ಸಹಿ ಹಾಕಿತ್ತು, 2019ರಲ್ಲಿ ಅದು ನಮ್ಮನ್ನು ಕಟ್ಟಿಹಾಕದು ಎಂದುಬಿಟ್ಟಿತು. ಸೇರಿದವರೂ ಎಲ್ಲರೂ ನಡೆದುಕೊಳ್ಳುತ್ತಾರೆ ಅಂತಿಲ್ಲ. ಯೆಮನ್ ದೇಶದಲ್ಲಿ ಯುದ್ಧ ನಡೆಯುವಾಗ ಬ್ರಿಟನ್ ಸೌದಿ ಅರೇಬಿಯಾಕ್ಕೆ ಆಯುಧ ಮಾರುತ್ತಲೇ ಇತ್ತು. ಅಲ್ಲಿನ ಒಂದು ಸಂಘಟನೆ ಕೋರ್ಟಿಗೆ ಹೋಗಿ 2019ರಲ್ಲಿ ಗೆದ್ದಿತು. ಮರುವರ್ಷವೇ ಸರ್ಕಾರ ಮತ್ತೆ ಪರವಾನಗಿ ಕೊಡಲು ಶುರು ಮಾಡಿತು.

ನಮ್ಮ ಭಾರತ? ಸುಮ್ಮನೆ ಕುಳಿತ 23 ದೇಶಗಳಲ್ಲಿ ನಾವೂ ಇದ್ದೆವು. ಈ ಒಪ್ಪಂದದಲ್ಲಿ ಮಾರುವವರ ಕೈ ಮೇಲಾಗಿದೆ, ಕೊಳ್ಳುವವರಿಗೆ ತೊಂದರೆ, ಭಯೋತ್ಪಾದಕರ ಕೈಗೆ ಆಯುಧ ಸೇರುವುದನ್ನು ತಡೆಯಲು ಇದು ಸಾಲದು ಎಂದು ನಮ್ಮ ಸರ್ಕಾರ ಹೇಳಿತು. ಇದರಲ್ಲಿ ನ್ಯಾಯ ಇಲ್ಲ ಅನ್ನಲಾಗದು. ಜಗತ್ತಿನಲ್ಲಿ ಅತಿ ಹೆಚ್ಚು ಆಯುಧ ಕೊಳ್ಳುವ ದೇಶಗಳಲ್ಲಿ ನಮ್ಮದೂ ಒಂದು. ಆದರೆ ಈಗ ನಾವು ಮಾರುತ್ತಲೂ ಇದ್ದೇವೆ. 2024ರಲ್ಲಿ ಫಿಲಿಪ್ಪೀನ್ಸ್ ದೇಶಕ್ಕೆ ಬ್ರಹ್ಮೋಸ್ ಕ್ಷಿಪಣಿ ಕಳಿಸಿದೆವು. ಮಾರುವವರಾದ ಮೇಲೆ ಆ ಪ್ರಶ್ನೆ ನಮ್ಮನ್ನೂ ಕೇಳುತ್ತದೆ, ಅಲ್ವಾ?

ಬಂದೂಕಿನ ಸಂಕಟ ನಮ್ಮ ದೇಶದೊಳಗೂ ಇದೆ. ಮಣಿಪುರದಲ್ಲಿ ಹಲವಾರು ಗುಂಪುಗಳ ಕೈಯಲ್ಲಿ ಬಂದೂಕು ಇದೆ. ಎಷ್ಟೋ ಬಂದೂಕು ಹೊರದೇಶಗಳಲ್ಲಿ ತಯಾರಾದವು. 2023ರ ಗಲಭೆಯಲ್ಲಿ ಪೊಲೀಸರ ಶಸ್ತ್ರಾಗಾರಗಳಿಂದಲೇ ಸಾವಿರಾರು ಬಂದೂಕು ಲೂಟಿಯಾದವು. ಅಲ್ಲಿನ ಬೀನಾಲಕ್ಷ್ಮಿ ನೆಪ್ರಮ್ ಈ ಬಂದೂಕುಗಳು ಎಲ್ಲಿಂದ ಬರುತ್ತವೆ ಎಂದು ಹುಡುಕಿ ಪುಸ್ತಕ ಬರೆದವರು. 2004ರ ಡಿಸೆಂಬರ್‌ನಲ್ಲಿ ಒಂದು ಹಳ್ಳಿಯಲ್ಲಿ ಬಂದೂಕುಧಾರಿಗಳು ಒಬ್ಬ ಯುವಕನನ್ನು ಕೊಂದರು. ಬೀನಾಲಕ್ಷ್ಮಿ ಮತ್ತು ಗೆಳೆಯರು ದುಡ್ಡು ಕೂಡಿಸಿ ಅವನ ಹೆಂಡತಿಗೆ ಒಂದು ಹೊಲಿಗೆ ಯಂತ್ರ ಕೊಡಿಸಿದರು. ಅಲ್ಲಿಂದ ಬಂದೂಕಿಗೆ ಮನೆಯವರನ್ನು ಕಳೆದುಕೊಂಡ ಹೆಂಗಸರ ಸಂಘ ಬೆಳೆಯಿತು. ಸಂಘದವರು ಮನೆ ಮನೆಗೆ ಹೋದರು. ನೇಯಲು ನೂಲಿಗೆ ಸಣ್ಣ ಸಾಲ ಕೊಡಿಸಿದರು. ಆ ಹೆಂಗಸರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಖಾತೆ ತೆರೆಸಿದರು.