ಹಿರೇಗುಡ್ಡದ ಗೂಳಿ ನನ್ನ ಗೋಡೆ ಮೇಲೆ

ರಜೆಗೆ ರೂಪನಗುಡಿಗೆ ಹೋದಾಗಲೆಲ್ಲ ಬಳ್ಳಾರಿ ದಾಟಿ ಸಂಗನಕಲ್ಲಿನ ಹಿರೇಗುಡ್ಡ ಹತ್ತುತ್ತೇನೆ. ಸುಮಾರು 4,000 ವರ್ಷಗಳ ಹಿಂದೆ ಇಲ್ಲಿ ದನ ಕಾಯ್ತಿದ್ದವರು ಸಗಣಿ ಸುಟ್ಟ ಬೂದಿದಿಬ್ಬಗಳನ್ನು ಬಿಟ್ಟುಹೋದರು. ಕಪ್ಪು ಬಂಡೆಗಳನ್ನು ಕಲ್ಲಿನಿಂದ ಕುಟ್ಟಿ ಉದ್ದ ಕೊಂಬಿನ ಗೂಳಿಗಳನ್ನು ಮೂಡಿಸಿದರು. ಕೆಲವು ಬಂಡೆ ತಟ್ಟಿದರೆ ಗಂಟೆಯಂಥ ನಾದ ಬರುತ್ತೆ! ಫಾಸೆಟ್ ಎಂಬುವರು 1892ರಲ್ಲೇ ಈ ಚಿತ್ರಗಳ ಬಗ್ಗೆ ಬರೆದಿದ್ದರು.

ಆಮೇಲಿನ ಕಾಲದವರೂ ಅದೇ ಬಂಡೆಗಳ ಮೇಲೆ ಚಿತ್ರ ಸೇರಿಸಿದ್ದಾರೆ. ಹಾಗಾದ್ರೆ ನಮ್ಮ ಸರದಿ? ಕಲ್ಲು ಕ್ವಾರಿಗಳು ಗುಡ್ಡದ ಒಂದಷ್ಟು ಭಾಗವನ್ನು ಈಗಾಗಲೇ ನುಂಗಿವೆ. ನಾವೂ ಹೋಗಿ ಹೆಸರು ಕೆತ್ತೋದು ಬೇಡ.

ಮೇವು ಅರಸಿ ಅವರು ಅಲೆದರು, ಕೆಲಸ ಅರಸಿ ನಾನು ಬೆಂಗಳೂರಿಗೆ ಬಂದೆ. ಟ್ಯಾಬ್‌ನಲ್ಲಿ ಆ ಗೂಳಿ ಬರೆದು, ಪ್ರಿಂಟ್ ತೆಗೆದು ಬಾಡಿಗೆ ಮನೆಯ ಗೋಡೆಗೆ ಹಾಕಿದ್ದೇನೆ. ಕೊಂಬಿನ ಗೆರೆ ಮಾತ್ರ ಅವರಷ್ಟು ಚೆನ್ನಾಗಿ ಬಂದಿಲ್ಲ. ನೀವೂ ಒಮ್ಮೆ ಬರೆದು ನೋಡಿ, ಕಾಗದದ ಮೇಲೆ.