ಬಲಗಡೆಯ ಹೃದಯ

ಹೃದಯವು ಎದೆಯ ಎಡಭಾಗದಲ್ಲಿದೆ ಎಂಬುದು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತ ಪಾಠ. ಆದರೆ ಸೃಷ್ಟಿಯ ವೈಚಿತ್ರ್ಯವೆಂಬಂತೆ, ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಹೃದಯ ಬಲಕ್ಕೆ, ಯಕೃತ್ತು ಎಡಕ್ಕೆ, ಹೀಗೆ ಒಳಗಿನ ಅಂಗಗಳೆಲ್ಲವೂ ಕನ್ನಡಿಯ ಬಿಂಬದಂತೆ ಅದಲುಬದಲಾಗಿರುತ್ತವೆ. ಬಲಗಡೆಯ ಹೃದಯವನ್ನು ವೈದ್ಯರು ‘ಡೆಕ್ಸ್ಟ್ರೋಕಾರ್ಡಿಯಾ’ ಎನ್ನುತ್ತಾರೆ. ಅಂಗಗಳೆಲ್ಲವೂ ಹೀಗೆ ಬದಲಾಗಿದ್ದವರಲ್ಲಿ ಬಹುಮಂದಿ ಅದರ ಅರಿವೇ ಇಲ್ಲದೆ ಆರೋಗ್ಯವಾಗಿ ಬಾಳುತ್ತಾರೆ.

ಆದರೆ ಹೃದಯದ ಸ್ಥಾನ ಬದಲಾದ ಮಾತ್ರಕ್ಕೆ ಹೃದ್ರೋಗ ದೂರವಾಗುವುದಿಲ್ಲ. ಅದಕ್ಕೆ ರಕ್ತವುಣಿಸುವ ಧಮನಿಗಳಲ್ಲಿಯೂ ಕೊಬ್ಬು ಕಟ್ಟಿಕೊಳ್ಳುತ್ತದೆ. ೨೦೦೭ರಲ್ಲಿ ಕುವೈತ್ ಸೇರಿದಂತೆ ಆರು ಅರಬ್ ದೇಶಗಳಲ್ಲಿ ಹೃದಯಾಘಾತ ಮತ್ತು ತತ್ಸಂಬಂಧಿ ತೊಂದರೆಗಳಿಂದ ಆಸ್ಪತ್ರೆ ಸೇರಿದ ಎಂಟು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಸಂಗ್ರಹಿಸಿದಾಗ, ಅವರ ಸರಾಸರಿ ವಯಸ್ಸು ೫೬ರ ಆಸುಪಾಸಿನಲ್ಲಿತ್ತು. ದುಡಿಯಲೆಂದು ಸಮುದ್ರ ದಾಟಿ ಬಂದವರಿಗೆ ಇದು ಇನ್ನೂ ಸಂಸಾರದ ಹೊಣೆ ಹೊತ್ತಿರುವ ವಯಸ್ಸು.

ಇಂಥವರಿಗೆ ಹೃದಯದ ನೋವು ಎದೆಯ ಬಲಕ್ಕೆ, ಬಲತೋಳಿಗೆ ಬರಬಹುದು. ವಾಯುವೆಂದೋ ಉಳುಕೆಂದೋ ಕೈಬಿಟ್ಟರೆ ಅಮೂಲ್ಯವಾದ ಗಳಿಗೆಗಳು ಕಳೆದುಹೋಗುತ್ತವೆ. ಎಂದಿನಂತೆ ತೆಗೆದ ಇ.ಸಿ.ಜಿ.ಯೂ ದಾರಿ ತಪ್ಪಿಸುತ್ತದೆ; ಎರಡು ಕೈಗಳ ತಂತಿಗಳನ್ನು ಅದಲುಬದಲು ಜೋಡಿಸಿದಂತೆ ಅದು ಕಾಣುತ್ತದೆ. ವಿಷಯ ತಿಳಿದಿದ್ದರೆ ತಂತಿಗಳನ್ನು ಬಲಗಡೆಗೆ ಜೋಡಿಸಿ ಸರಿಯಾದ ನಕ್ಷೆ ಪಡೆಯಬಹುದು.

ಚಿಕಿತ್ಸೆ ಅಸಾಧ್ಯವೇನಲ್ಲ. ೧೯೭೭ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರು ಕಟ್ಟಿಕೊಂಡ ಧಮನಿಯನ್ನು ಬಲೂನಿನಿಂದ ಮೊದಲ ಬಾರಿಗೆ ಬಿಡಿಸಿದರು. ಹತ್ತು ವರ್ಷಗಳಲ್ಲಿಯೇ, ೧೯೮೭ರಲ್ಲಿ, ಅಂಗಗಳು ಅದಲುಬದಲಾದ ರೋಗಿಯೊಬ್ಬರಿಗೆ ಇದೇ ಚಿಕಿತ್ಸೆ ನಡೆದುದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ವೈದ್ಯರು ಕೊಳವೆಯನ್ನು ಎಂದಿನ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಬೇಕು. ಎಕ್ಸ್-ರೇ ಯಂತ್ರದ ಕೋನವನ್ನೂ ಬದಲಿಸಬೇಕು. ಪರದೆಯ ಮೇಲಿನ ಚಿತ್ರವನ್ನು ಎಡಬಲವಾಗಿ ಹೊರಳಿಸಿಕೊಂಡರೆ ಪರಿಚಿತ ಹೃದಯವೇ ಕಣ್ಣೆದುರು ನಿಲ್ಲುತ್ತದೆ. ಮುಂದೆ ಬಲೂನು ಉಬ್ಬಿಸುವುದು, ಸ್ಟೆಂಟ್ ಇಡುವುದು ಎಲ್ಲರಿಗೆ ಮಾಡುವಂತೆಯೇ.

ಆದ್ದರಿಂದ ಇಲ್ಲಿ ಕೌಶಲದಷ್ಟೇ ಮುಖ್ಯವಾದುದು ಮುನ್ನರಿವು. ಊರಿನಲ್ಲಾದರೆ ಮನೆತನದ ವೈದ್ಯರಿಗೆ ನಮ್ಮ ಪೂರ್ವಾಪರವೆಲ್ಲ ಗೊತ್ತಿರುತ್ತದೆ. ಕುವೈತಿನಲ್ಲಿ ರೋಗಿ ಮಾತನಾಡಲಾರದ ಸ್ಥಿತಿಯಲ್ಲಿದ್ದರೆ, ಜೊತೆಯಲ್ಲಿರುವ ಕೋಣೆಯ ಸಂಗಾತಿಗೆ ಹೇಳಲು ಏನೂ ತಿಳಿದಿರುವುದಿಲ್ಲ.

ಇದಕ್ಕೆ ಉಪಾಯ ಸುಲಭವಾಗಿದೆ. ಕುವೈತಿಗೆ ನೌಕರಿಗೆ ಬರುವವರು ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್-ರೇ ತೆಗೆಸಲೇಬೇಕು. ಅದರ ಉದ್ದೇಶ ಕ್ಷಯರೋಗವನ್ನು ಪತ್ತೆಹಚ್ಚುವುದಾದರೂ, ಹೃದಯ ಯಾವ ಕಡೆಗಿದೆ ಎಂಬುದೂ ಅದೇ ಚಿತ್ರದಲ್ಲಿ ಕಾಣುತ್ತದೆ. “ನನ್ನ ಹೃದಯ ಸರಿಯಾದ ಸ್ಥಾನದಲ್ಲಿದೆಯೇ?” ಎಂದು ವೈದ್ಯರನ್ನು ಕೇಳಲು ಸಂಕೋಚವೇಕೆ? ಬಲಕ್ಕಿದ್ದರೆ ಎಕೋ ಪರೀಕ್ಷೆ ಮಾಡಿಸಿ, ಹೃದಯದಲ್ಲಿ ಬೇರೆ ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. “ನನ್ನ ಹೃದಯ ಬಲಗಡೆಗಿದೆ” ಎಂದು ಅರಬ್ಬಿ ಹಾಗೂ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಸಿವಿಲ್ ಐ.ಡಿ.ಯೊಂದಿಗೆ ಇರಿಸಿಕೊಳ್ಳಬೇಕು, ಮನೆಯವರಿಗೂ ಗೆಳೆಯರಿಗೂ ತಿಳಿಸಿರಬೇಕು. ಎದೆನೋವು ಯಾವ ಬದಿಗೆ ಬಂದರೂ ತಡಮಾಡದೆ ತುರ್ತುಸೇವೆಯ ೧೧೨ ಸಂಖ್ಯೆಗೆ ಕರೆಮಾಡಬೇಕು.

ನಮ್ಮ ಕನ್ನಡ ಸಂಘಗಳು ಹಬ್ಬಹರಿದಿನಗಳೊಂದಿಗೆ ಆರೋಗ್ಯ ಶಿಬಿರಗಳನ್ನೂ ನಡೆಸುತ್ತವೆ. ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಅಲ್ಲಿ ಕೇಳುವಂತಾಗಲಿ. ಸಮ್ಮೇಳನಕ್ಕೆ ಆಗಮಿಸಿರುವ ಪ್ರತಿನಿಧಿಗಳು ಈ ಮಾತನ್ನು ತಮ್ಮ ತಮ್ಮ ಸಂಘಗಳಿಗೆ ಕೊಂಡೊಯ್ಯಬೇಕೆಂದು ನನ್ನ ವಿನಮ್ರ ಪ್ರಾರ್ಥನೆ.